ಮೂವತ್ತೆರಡು ಮೆಟ್ಟಿಲು

“ಮಾವನಿಗೆ ಇನ್ನೂ ಎಷ್ಟು ದಿನ ಸುಳ್ಳು ಹೇಳ್ತೀರಾ ಅತ್ತೆ?”

ಸೊಸೆಯ ದನಿ ಆಸ್ಪತ್ರೆಯ ವ್ಯಾಯಾಮದ ಹಾಲ್‌ಗೆಲ್ಲ ಕೇಳಿಸಿತು. ವೀಲ್‌ಚೇರಿನಲ್ಲಿ ಕುಳಿತಿದ್ದ ಅತ್ತೆ ಆಗಷ್ಟೇ ಫೋನಿನಲ್ಲಿ ಗಂಡನಿಗೆ, “ಇವತ್ತು ವರಾಂಡ ಪೂರ್ತಿ ನಡೆದೆ ಕಣ್ರೀ. ಮುಂದಿನ ವಾರ ಬಂದೇಬಿಡ್ತೀನಿ” ಎಂದು ಹೇಳಿ ಮುಗಿಸಿದ್ದರು. ಎರಡು ತಿಂಗಳಿಂದ ಅದೇ ಮುಂದಿನ ವಾರ...! ಅಂದು ಅವರು ಇಟ್ಟದ್ದು ನಾಲ್ಕೇ ಹೆಜ್ಜೆ. ಅದೂ ಎರಡು ಕಡೆಯ ಕಂಬಿಗಳನ್ನು ಬಿಗಿಯಾಗಿ ಹಿಡಿದು, ಬೆವೆತು, ಕಣ್ಣು ಮುಚ್ಚಿಕೊಂಡು.

ಅಲ್ಲಿ ಎಲ್ಲರೂ ಅವರನ್ನು ಅಂಚೆಯಮ್ಮ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಊರಿನ ಮಹಡಿಗಳನ್ನೆಲ್ಲ ಹತ್ತಿಳಿದು ಕಾಗದ ಹಂಚಿದ ಕಾಲುಗಳವು. ಅಂಥವರು ಸ್ವಂತ ಮನೆಯ ಮೆಟ್ಟಿಲಲ್ಲೇ ಬಿದ್ದರು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಗಂಡನಿಗೆ ಮಾತ್ರೆ ತರಲೆಂದು ಅವಸರದಲ್ಲಿ ಇಳಿಯುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿಯಿತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದ ಹೊತ್ತು. “ಏನಾಯ್ತೇ? ಮಾತಾಡೇ!” ಎಂದು ಎರಡನೇ ಮಹಡಿಯಿಂದ ಗಂಡ ತೊದಲುತ್ತ ಕೂಗುತ್ತಲೇ ಇದ್ದರು, ಏಳಲಾರದೆ. ಕೆಳಗೆ ಇವರು ಓಗೊಡಲೂ ಆಗದೆ ಬಿದ್ದಿದ್ದರು. ಪಕ್ಕದ ಮನೆಯವರು ಬರುವವರೆಗೆ ಒಂದು ಗಂಟೆ...! ಮೂಳೆ ಕೂಡಿತು. ಆ ಒಂದು ಗಂಟೆ ಮಾತ್ರ ಮೈಬಿಟ್ಟು ಹೋಗಲಿಲ್ಲ. ಎದ್ದು ನಿಂತರೆ ಸಾಕು, ನೆಲವೇ ಮುಖದ ಮೇಲೆ ಬಂದಂತಾಗುತ್ತಿತ್ತು.

ಮಗ ಮೆತ್ತಗಿನ ಮನಸ್ಸಿನವನು. ಅಮ್ಮ ‘ಅಯ್ಯೋ’ ಎಂದರೆ ಓಡಿಬಂದು ಕುರ್ಚಿಗೆ ಕೂರಿಸುತ್ತಿದ್ದ. “ಹೀಗೆ ಎತ್ತಿ ಎತ್ತಿ ಕೂರಿಸಿದ್ರೆ ಅವರ ಭಯಕ್ಕೆ ನೀವೇ ತುತ್ತು ತಿನ್ನಿಸಿ ಸಾಕಿದ ಹಾಗೆ ಸಾರ್” ಎಂದು ವ್ಯಾಯಾಮ ಮಾಡಿಸುವ ಹುಡುಗಿ ಎಷ್ಟು ಸಲ ಹೇಳಿದ್ದಳೋ! ಇತ್ತ ಸೊಸೆ ಕೆಲಸ ಬಿಟ್ಟು ಮಾವನ ಊಟ, ಸ್ನಾನ, ಹಾಸಿಗೆ ಎಲ್ಲವನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಮೆತ್ತಗೆ ಮಾತಾಡುವ ತ್ರಾಣವೇ ಅವಳಲ್ಲಿ ಉಳಿದಿರಲಿಲ್ಲ.

“ಮೂಳೆ ಕೂಡಿದೆ ಅಂತ ಡಾಕ್ಟ್ರೇ ಹೇಳಿದ್ದಾರೆ. ಅಲ್ಲಿ ಆ ಜೀವ ದಿನವಿಡೀ ಬಾಗಿಲು ನೋಡ್ತಾ ಮಲಗಿರುತ್ತೆ. ನೀವಿಲ್ಲಿ ಕೂತು ಕಥೆ ಕಟ್ತೀರಾ!”

“ಬಿದ್ದವರ ಸಂಕಟ ನಿನಗೇನು ಗೊತ್ತು? ಕಲ್ಲು ಕಣೇ ನೀನು, ಕಲ್ಲು!” ಅಂಚೆಯಮ್ಮ ಬಿಕ್ಕಿದರು.

“ಹೌದು, ಕಲ್ಲೇ. ಕಲ್ಲಾಗದಿದ್ರೆ ಆ ಮನೇಲಿ ಒಂದು ದಿನಾನೂ ನಡೀತಿರಲಿಲ್ಲ.” ಬ್ಯಾಗು ಹೆಗಲಿಗೇರಿಸಿ ಸೊಸೆ ಹೊರಟುಹೋದಳು.

ಒಂಬತ್ತು ದಿನಗಳ ಮೇಲೆ ಅವಳದೇ ಫೋನು ಬಂತು. ದನಿಯಲ್ಲಿ ಹಿಂದಿನ ಬಿರುಸಿರಲಿಲ್ಲ. “ಅತ್ತೆ... ಮಾವ ನಿನ್ನೆಯಿಂದ ಏನೂ ನುಂಗ್ತಿಲ್ಲ. ಮಾತೂ ನಿಂತಿದೆ. ಡಾಕ್ಟ್ರು ಬಂದು ನೋಡಿದ್ರು. ಇನ್ನು ಹೆಚ್ಚು ದಿನ ಇಲ್ವಂತೆ...”

ಮಧ್ಯಾಹ್ನ ಕಾರು ಮನೆಯ ಮುಂದೆ ನಿಂತಿತು. ಮಗ ಪಕ್ಕದ ಮನೆಯ ಇಬ್ಬರನ್ನು ಕರೆದು ಅಮ್ಮನನ್ನು ಕುರ್ಚಿಯ ಸಮೇತ ಎತ್ತಿಸಿದ. ಮೂರನೇ ಮೆಟ್ಟಿಲಲ್ಲಿ ಕುರ್ಚಿ ವಾಲಿದ್ದೇ ತಡ, ಅಂಚೆಯಮ್ಮ ಕಿರುಚಿಕೊಂಡರು. “ಇಳಿಸ್ರೋ! ದಮ್ಮಯ್ಯ, ಇಳಿಸ್ರೋ!”

ಕೆಳಗಿಳಿಸಿದಾಗ ಮಗನ ಕಣ್ಣಲ್ಲೂ ನೀರಿತ್ತು. “ಬೇಡ ಬಿಡಮ್ಮ. ಅಪ್ಪನ ಮುಖ ಫೋನಲ್ಲೇ ತೋರಿಸ್ತೀನಿ. ನೋಡ್ಕೊಂಡು ವಾಪಸ್ ಹೋಗೋಣ.”

ಫೋನಲ್ಲೇ...! ನಲವತ್ತನಾಲ್ಕು ವರ್ಷ ಬಾಳಿದ ಗಂಡನನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ ಹಿಂತಿರುಗುವುದೇ? ಅಂಚೆಯಮ್ಮ ಕಂಬಿಗೆ ಕೈ ಚಾಚಿ ಎದ್ದು ನಿಂತರು. ಅಷ್ಟರಲ್ಲಿ ಕೆದರಿದ ಕೂದಲಿನ ಸೊಸೆ ಮೇಲಿನಿಂದ ಇಳಿದು ಬಂದು ಅವರ ಬೆನ್ನ ಹಿಂದೆ ನಿಂತಳು.

“ಒಳ್ಳೇ ಕಾಲು ಮೊದಲು ಅತ್ತೆ. ಕಂಬಿ ಬಿಡಬೇಡಿ.”

“ಬಿದ್ರೆ...?”

“ಬಿದ್ರೆ ನನ್ನ ಮೇಲೆ ಬೀಳಿ. ಒಟ್ಟಿಗೇ ಬೀಳೋಣ.”

ಒಂದು, ಎರಡು, ಮೂರು... ಹದಿನಾರಕ್ಕೆ ಉಸಿರು ಕಟ್ಟಿತು. ಅಂಚೆಯಮ್ಮ ಕುಸಿದು ಕುಳಿತರು. “ಆಗಲ್ಲ ಕಣೇ ನನ್ನ ಕೈಲಿ...”

“ಸುಧಾರಿಸಿಕೊಳ್ಳಿ. ಮಾವ ಎಲ್ಲೂ ಹೋಗಲ್ಲ” ಎಂದಳು ಸೊಸೆ. ಆ ಮಾತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಮೂವತ್ತೆರಡು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲಲ್ಲಿ ನಿಂತ ಹೆಂಡತಿಯನ್ನು ಅವರು ನೋಡಿದರು. ಆ ನೋಟ ಮುಖದಿಂದ ಮೆಲ್ಲನೆ ಇಳಿದು ಪಾದಗಳ ಮೇಲೆ ನಿಂತುಬಿಟ್ಟಿತು. ಕಣ್ಣಂಚಿನಿಂದ ನೀರು ದಿಂಬಿಗೆ ಜಾರಿತು.

“ಸುಳ್ಳು ಹೇಳಿದ್ದೆ ರೀ... ನಾನು ನಡೀತಿರಲಿಲ್ಲ. ಇವತ್ತೇ ನಡೆದದ್ದು...”

ಅವರು ಸ್ವಾಧೀನವಿದ್ದ ಕೈಯಿಂದ ಹೆಂಡತಿಯ ಬೆರಳುಗಳನ್ನು ಒಮ್ಮೆ ಅದುಮಿದರು. ಮೂರನೆಯ ದಿನ ಬೆಳಿಗ್ಗೆ ಆ ಕೈ ತಣ್ಣಗಾಯಿತು. ಅಂಚೆಯಮ್ಮ ಅಳಲಿಲ್ಲ. ಬಂದವರೆಲ್ಲ ಅದನ್ನೇ ಆಡಿಕೊಂಡರು.

ಆಮೇಲೆ ಒಂದು ದಿನ ಅಡುಗೆಮನೆಯಲ್ಲಿ ಚೆಲ್ಲಿದ್ದ ನೀರಿನ ಮೇಲೆ ಕಾಲಿಟ್ಟು ಅವರು ಮತ್ತೆ ಬಿದ್ದರು. “ಅತ್ತೆ!” ಎಂದು ಚೀರುತ್ತ ಸೊಸೆ ಓಡಿಬಂದಳು.

“ಏನೂ ಆಗಿಲ್ಲ. ಎತ್ತಬೇಡ ಕಣೇ. ಆ ಕುರ್ಚಿ ಇತ್ತ ದೂಡು, ಸಾಕು.”

ಮಗ್ಗುಲಿಗೆ ಹೊರಳಿ, ಮಂಡಿಯೂರಿ, ಕುರ್ಚಿ ಹಿಡಿದು ತಾವೇ ಎದ್ದು ನಿಂತರು. ಎದುರಿನ ಕೋಣೆಯಲ್ಲಿ ಹಾಸಿಗೆ ತೆಗೆದ ಬರೀ ಮಂಚ ಕಾಣುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಅಷ್ಟು ದಿನದಿಂದ ಬಾರದ ಅಳು ಒತ್ತರಿಸಿಕೊಂಡು ಬಂತು.

“ನೋಡಿದ್ಯಾ... ಇಷ್ಟೇ! ಇಷ್ಟಕ್ಕೆ ಹೆದರಿ ಅವರನ್ನ ಎರಡು ತಿಂಗಳು ಕಾಯಿಸಿಬಿಟ್ಟೆನಲ್ಲೇ...!”

ನಾನು ಅವತ್ತೇ ಹೇಳಿರಲಿಲ್ವಾ ಎಂದು ಸೊಸೆ ಅನ್ನಬಹುದಿತ್ತು. ಬದಲಿಗೆ ಅತ್ತೆಯ ಒದ್ದೆಯಾದ ಸೀರೆಯಂಚನ್ನು ಬಗ್ಗಿ ಹಿಂಡತೊಡಗಿದಳು.