ಷಟರ್ ಇಳಿಸಿದವರು ಯಾರು?

ಊಟದ ಡಬ್ಬಿ ಹಿಡಿದು ಬಂದ ಅಕ್ಕನನ್ನು ಪೊಲೀಸರು ಅಂಗಡಿಯ ಬಾಗಿಲಲ್ಲೇ ತಡೆದರು. ಅವರ ಕಾಲುಗಳ ಸಂದಿಯಿಂದ ಅವಳಿಗೆ ಮೊದಲು ಕಂಡದ್ದು ತಮ್ಮನ ಚಪ್ಪಲಿ. ಆಮೇಲೆ, ಚಪ್ಪಲಿಯೊಳಗಿನ ಪಾದ.

"ನಿನ್ನ ತಮ್ಮ ನನ್ನ ಮೇಲೆ ಗುಂಡು ಹಾರಿಸಿದ," ಎಂದರು ಇನ್‌ಸ್ಪೆಕ್ಟರ್. "ನಾನೂ ಹಾರಿಸಬೇಕಾಯ್ತು."

"ಗುಂಡಾ? ಅವನಾ?" ಅಕ್ಕನಿಗೆ ಅಳು ಕೂಡ ಬರಲಿಲ್ಲ. "ಬಲೂನು ಒಡೆದ್ರೆ ಬೆಚ್ಚಿಬೀಳೋನು ಸ್ವಾಮಿ ಅವನು!"

ಸತ್ತವನು ಬೀಗ ರಿಪೇರಿಯವನು.

ಮರುದಿನ ಬೆಳಿಗ್ಗೆ ನಾವು ಅಲ್ಲಿಗೆ ಹೋದೆವು. ನಾವು ಎಂದರೆ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಆಯೋಗದ ತನಿಖಾಧಿಕಾರಿ ಮೇಡಂ, ಮತ್ತು ಅವರ ಸಹಾಯಕನಾದ ನಾನು. ಪೊಲೀಸರ ಗುಂಡಿಗೆ ಯಾರೇ ಸತ್ತರೂ ನಾವು ಹೋಗಬೇಕು, ಅದು ಕಾನೂನು. ನಮ್ಮ ಹತ್ತಿರ ಆಯುಧ ಇರಕೂಡದು, ಅದೂ ಕಾನೂನೇ. ಮೇಡಂಗೆ ಠಾಣೆಗಳಲ್ಲಿ 'ಹೇನು ಬಾಚಣಿಗೆ' ಎಂಬ ಅಡ್ಡಹೆಸರಿತ್ತು. ಅದನ್ನು ಹೇಳಿಕೊಂಡು ಅವರೇ ನಗುತ್ತಿದ್ದರು.

ಈ ಸಲ ಅವರು ನಗಲಿಲ್ಲ. ಸತ್ತವನು ನಮ್ಮ ಸಾಕ್ಷಿ. ಸ್ವಲ್ಪ ದಿನದ ಹಿಂದೆ ಠಾಣೆಯ ಲಾಕಪ್ಪಿನ ಬೀಗ ಕಚ್ಚಿಕೊಂಡಾಗ ಅದನ್ನು ತೆಗೆಯಲು ಅವನನ್ನೇ ಕರೆಸಿದ್ದರು. ಬಾಗಿಲು ತೆರೆದರೆ, ಒಳಗೆ ಒಬ್ಬ ಯುವಕ ಸತ್ತು ಬಿದ್ದಿದ್ದ. ಆ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ ಎಂದು ಠಾಣೆ ಹೇಳಿತ್ತು. ಕಂಡದ್ದನ್ನು ನಮ್ಮೆದುರು ಹೇಳಲು ಬೀಗದವನು ಒಪ್ಪಿದ್ದ. ಸಾಕ್ಷಿ ಯಾರೆಂದು ಠಾಣೆಗೆ ಮೊದಲೇ ತಿಳಿಸಬೇಕು ಎನ್ನುವುದು ನಿಯಮ.

ನಾವು ತಿಳಿಸಿದ್ದೆವು.

ಅಂಗಡಿ ಒಂದು ಗೂಡಿನಷ್ಟಿತ್ತು. ಮೂರು ಕಡೆ ಗೋಡೆ, ಬೀದಿಯ ಕಡೆಗೆ ಷಟರ್, ಬೇರೆ ಬಾಗಿಲಿಲ್ಲ. ಗೋಡೆಯ ತುಂಬ ಬೀಗದಕೈಗಳು. ಅರದ ಪಕ್ಕದಲ್ಲಿ ಹಿತ್ತಾಳೆಯ ಪುಡಿ. ನೆಲದ ಮೇಲೆ ಒಣಗಿದ ರಕ್ತ. ಇನ್‌ಸ್ಪೆಕ್ಟರ್ ಅದನ್ನು ದಾಟಿಕೊಂಡು ಓಡಾಡುತ್ತಿದ್ದರು.

"ಕದ್ದ ಮಾಲಿದೆ ಅಂತ ಸುದ್ದಿ ಬಂತು. ಒಬ್ಬನೇ ಒಳಗೆ ಬಂದೆ," ಎಂದರು.

"ಒಬ್ಬರೇ? ಹೆಡ್ ಕಾನ್‌ಸ್ಟೇಬಲ್ ಇದ್ರಲ್ಲ?"

"ಮೂಲೆಯಾಚೆ ಜೀಪಲ್ಲಿ ಕೂರಿಸಿದ್ದೆ. ಇನ್ನೊಬ್ಬರ ಜೀವ ಯಾಕೆ ಪಣಕ್ಕಿಡೋದು ಹೇಳಿ?"

"ಆಮೇಲೆ?"

"ಮೇಜಿನ ಕೆಳಗಿಂದ ನಾಡಪಿಸ್ತೂಲು ತೆಗೆದ. ಹಾರಿಸಿಯೇ ಬಿಟ್ಟ! ಗುಂಡು ನನ್ನ ಪಕ್ಕದಲ್ಲೇ ಹೊರಗೆ ಹೋಯ್ತು. ಅಗೋ, ಬೀದಿಯಾಚೆ ಎದುರುಗೋಡೆಯಲ್ಲಿ ಸಿಕ್ತು. ಅವನ ಕೈ ಮೇಲೆ ಸಿಡಿಮದ್ದಿನ ಕಲೆ ಇದೆ. ಇನ್ನೇನು ಬೇಕು ನಿಮಗೆ?"

"ಷಟರ್?"

"ಮೊದಲಿಂದ ಕೊನೆವರೆಗೂ ತೆರೆದೇ ಇತ್ತು."

ಮೇಡಂ ಇನ್‌ಸ್ಪೆಕ್ಟರ್ ಸೊಂಟದ ಕಡೆ ನೋಡಿದರು. "ನಿಮ್ಮ ಪಿಸ್ತೂಲು ಪರೀಕ್ಷೆಗೆ ಹೋಗಿದೆಯಲ್ಲ. ಇದು?"

"ಬೇರೆ ಕೊಟ್ರು. ನಿನ್ನೆ ಸಾಯಂಕಾಲಾನೇ." ಇನ್‌ಸ್ಪೆಕ್ಟರ್ ನಕ್ಕರು. "ಇಲಾಖೆಗೆ ನನ್ನ ಮೇಲೆ ನಂಬಿಕೆ ಇದೆ."

ಹೆಡ್ ಕಾನ್‌ಸ್ಟೇಬಲ್ ಹೊರಗೆ ನಿಂತಿದ್ದರು. ತಲೆ ನರೆತ, ದಪ್ಪ ಮೀಸೆಯ ಮನುಷ್ಯ.

"ಎಷ್ಟು ಸಲ ಶಬ್ದ ಕೇಳಿಸ್ತು?" ಮೇಡಂ ಕೇಳಿದರು.

"ಎರಡು ಸಲ."

"ಒಂದರ ಬೆನ್ನಿಗೇ ಇನ್ನೊಂದಾ?"

ಅವರ ಕಣ್ಣು ಅಂಗಡಿಯೊಳಗೆ ಹೋಗಿ ಬಂತು. "ಜ್ಞಾಪಕ ಇಲ್ಲ, ಮೇಡಂ."

ಹಿಂದಿನ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋದೆವು. ಅವಳು ತಮ್ಮನ ಅಂಗಿಯನ್ನು ಮಡಿಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಚುತ್ತಾಳೆ.

"ಅಂಗಡಿಯಲ್ಲಿ ಬೇರೆ ಯಾರಾದ್ರೂ ಕೆಲಸಕ್ಕಿದ್ರಾ?" ಮೇಡಂ ಕೇಳಿದರು.

"ನಾನೇ ಇದ್ದೆನಲ್ಲ, ಸಂಬಳ ಇಲ್ಲದ ಆಳು! ಅವನಿಗೆ ಎರಡೂ ಭುಜ ಹಿಡ್ಕೊಂಡಿತ್ತು. ಕೈ ಎದೆಗಿಂತ ಮೇಲೆ ಏಳ್ತಿರಲಿಲ್ಲ. ಬೆಳಿಗ್ಗೆ ಷಟರ್ ಎತ್ತೋಳೂ ನಾನೇ, ಸಂಜೆ ಇಳಿಸೋಳೂ ನಾನೇ. ಈ ವಾರ ಅದಕ್ಕೆ ನೀಲಿ ಬಣ್ಣ ಹೊಡೆದೋಳೂ ನಾನೇ." ಅವಳು ಅಂಗಿಯನ್ನು ಮತ್ತೆ ಬಿಚ್ಚಿದಳು. "ಚೆನ್ನಾಗಿದೆ ಅಂತ ಒಂದು ಮಾತು ಹೇಳಲಿಲ್ಲ, ಮುಂಡೇದು."

ಮೇಡಂ ತಟ್ಟನೆ ಎದ್ದರು. ಅಂಗಡಿಯೊಳಗೆ ಕಾಲಿಟ್ಟವರೇ ನನಗೆ ಹೇಳಿದರು—

"ಷಟರ್ ಇಳಿಸಿ."

"ಯಾಕೆ ಅದೆಲ್ಲ?" ಇನ್ನೂ ಅಲ್ಲೇ ಇದ್ದ ಇನ್‌ಸ್ಪೆಕ್ಟರ್ ದನಿ ಗಡುಸಾಯಿತು.

"ಬೇಡವಾ?"

ನಾನು ಮೇಲಕ್ಕೆ ಕೈ ಚಾಚಿ ಎಳೆದೆ. ಷಟರ್ ಗಡಗಡನೆ ಇಳಿದು ನೆಲಕ್ಕೆ ಬಡಿಯಿತು. ಒಳಗೆಲ್ಲ ಕತ್ತಲೆ. ನಾವು ಮೂವರು, ಒಂದು ಪಿಸ್ತೂಲು, ಅದೂ ಅವರದು.

ಆಗ ಕಂಡಿತು ಬೆಳಕು. ಷಟರಿನ ನಡುವೆ ಒಂದೇ ಒಂದು ತೂತು. ಅದರಿಂದ ಸೂಜಿಯಂಥ ಕಿರಣವೊಂದು ನೇರ ಬಂದು ಇನ್‌ಸ್ಪೆಕ್ಟರ್ ಅಂಗಿಯ ಮೇಲೆ ಕೂತಿತು.

"ತೆರೆದ ಷಟರ್ ಸುರುಳಿಯಾಗಿ ಮೇಲಿರುತ್ತೆ," ಎಂದರು ಮೇಡಂ. "ನಿನ್ನೆ ಎಲ್ಲರೂ ಹಾಗೆಯೇ ಬಿಟ್ಟು ಪರೀಕ್ಷೆ ಮಾಡಿದರು. ಯಾರೂ ಇಳಿಸಿ ನೋಡಲಿಲ್ಲ. ಗುಂಡು ಹೋದದ್ದು ತೆರೆದ ಬಾಗಿಲಿನಿಂದಲ್ಲ, ಮುಚ್ಚಿದ ಷಟರಿನ ಮೂಲಕ. ತಗಡು ಹೊರಕ್ಕೆ ಬಾಗಿದೆ ನೋಡಿ. ಒಳಗಿನಿಂದ ಹೊಡೆದದ್ದು."

"ಹಳೇ ತೂತು ಇರಬೇಕು."

"ಈ ವಾರ ಹೊಡೆದ ಬಣ್ಣ ಕಿತ್ತುಬಂದಿದೆ."

"ಹಾಗಾದ್ರೆ ಅವನೇ ಮುಚ್ಚಿರ್ತಾನೆ!"

"ಕೈಯೆತ್ತಲಾಗದವನು? ಸರಿ, ಮುಚ್ಚಿದ ಅಂತಲೇ ಇಟ್ಟುಕೊಳ್ಳಿ. ನೀವು ಒಳಗೆ ನಿಂತಿದ್ದೀರಿ. ನಿಮ್ಮನ್ನು ಬಿಟ್ಟು ಮುಚ್ಚಿದ ಷಟರಿಗೆ ಗುಂಡು ಹೊಡೀತಾನಾ?" ಮೇಡಂ ಉಸಿರು ತೆಗೆದುಕೊಂಡರು. "ನೀವು ಬಂದಿರಿ. ಕೂತವನನ್ನು ಕೂತಲ್ಲೇ ಹೊಡೆದಿರಿ. ಬೀದಿಗೆ ಕಾಣಬಾರದು ಅಂತ ಷಟರ್ ಇಳಿಸಿದಿರಿ. ತಂದಿದ್ದ ನಾಡಪಿಸ್ತೂಲನ್ನು ಹೆಣದ ಕೈಗಿಟ್ಟು ಹಾರಿಸಿದಿರಿ. ಮತ್ತೆ ಷಟರ್ ಎತ್ತಿದಿರಿ. ಜೊತೆಗೆ ಇನ್ನೊಬ್ಬರಿದ್ದಿದ್ದರೆ ನನಗೆ ಅನುಮಾನ ಉಳೀತಿತ್ತು. ಒಬ್ಬನೇ ಇದ್ದೆ ಅಂತ ನೀವೇ ಹೇಳಿದಿರಿ. ಇದು ಎನ್‌ಕೌಂಟರ್ ಅಲ್ಲ, ಇನ್‌ಸ್ಪೆಕ್ಟರ್. ಸಾಕ್ಷಿಯ ಕೊಲೆ."

ಕಿರಣ ಅಂಗಿಯಿಂದ ಜಾರಿತು. ಅವರು ಪಕ್ಕಕ್ಕೆ ಸರಿದಿದ್ದರು. ಚರ್ಮದ ಒರೆಯ ಗುಂಡಿ ಬಿಚ್ಚಿದ ಸದ್ದು— ಟಪ್.

"ನನ್ನ ಮೇಲೆ ಕೇಸು ಹಾಕೋಕೆ ಸರ್ಕಾರದ ಅನುಮತಿ ಬೇಕು. ಗೊತ್ತಾ?"

"ಗೊತ್ತು. ಕೇಳ್ತೀನಿ."

"ಇಲ್ಲಿಂದ ಹೊರಗೆ ಹೋದ್ರೆ ತಾನೆ?"

ಅಷ್ಟರಲ್ಲಿ ಷಟರ್ ಕಿರುಗುಟ್ಟಿತು. ಯಾರೋ ಹೊರಗಿನಿಂದ ಎತ್ತುತ್ತಿದ್ದರು. ಮೊದಲು ಬೂಟು, ಆಮೇಲೆ ಬೆಲ್ಟು, ಕೊನೆಗೆ ದಪ್ಪ ಮೀಸೆ. ಅವರ ಹಿಂದೆ ಬೀದಿಗೆ ಬೀದಿಯೇ ನಿಂತು ನೋಡುತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಕೈ ಚಾಚಿದರು.

"ಸಾರ್, ಪಿಸ್ತೂಲು ಕೊಡಿ."

"ಏಯ್! ಯಾರ ಹತ್ತಿರ ಮಾತಾಡ್ತಿದ್ದೀಯ?"

"ಗೊತ್ತು ಸಾರ್. ಕೊಡಿ."

ಇನ್‌ಸ್ಪೆಕ್ಟರ್ ಬೀದಿಯನ್ನು ನೋಡಿದರು. ಅಷ್ಟು ಕಣ್ಣುಗಳಿಗೆ ಅವರ ಹತ್ತಿರ ಗುಂಡಿರಲಿಲ್ಲ. ಕೊಟ್ಟರು.

ಹೆಡ್ ಕಾನ್‌ಸ್ಟೇಬಲ್ ಗುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟು ಮೇಡಂ ಕಡೆ ತಿರುಗಿದರು.

"ಆ ಲಾಕಪ್ ಯುವಕನ ವಿಷಯ... ಅವತ್ತು ನಾನೂ ಡ್ಯೂಟಿಯಲ್ಲಿದ್ದೆ. ಇವರು ಹೊಡೀತಿದ್ರು. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಿಕೆ ಬರ್ಕೊಳ್ಳಿ."

"ಕೂತು ಮಾತಾಡೋಣ. ಆಯೋಗಕ್ಕೆ ಬನ್ನಿ."

"ಇಲ್ಲೇ ಬರ್ಕೊಳ್ಳಿ ಮೇಡಂ," ಎಂದರು ಅವರು, ರಕ್ತದ ಕಲೆಯಿಂದ ಕಣ್ಣು ಕೀಳದೆ. "ದಾರಿಯಲ್ಲಿ ನನ್ನ ಧೈರ್ಯ ಎಲ್ಲಿ ಇಳಿದು ಹೋಗುತ್ತೋ ಗೊತ್ತಿಲ್ಲ."