ಒಂದೇ ಮೈಕಿನ ಸುತ್ತ

ಪಿಟೀಲು ಮತ್ತೆ ಜಾರಿತು. ಇಂಚರಾ ಅದನ್ನು ಗದ್ದದಿಂದ ಒತ್ತಿ ಹಿಡಿಯುವಷ್ಟರಲ್ಲಿ ಟ್ಯೂನ್ ಎಲ್ಲೋ, ಬೆರಳು ಎಲ್ಲೋ ಆಗಿತ್ತು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿದಳು. ಬೆಳಗಿನಿಂದ ಅವಳು ಆಡಿದ ಮಾತೆಂದರೆ ಹೆಚ್ಚುಕಡಿಮೆ ಅದೊಂದೇ.

ಬ್ಯಾಂಜೊ ನುಡಿಸುವ ಮೊರಿತಾ-ಸಾನ್ ರೆಕಾರ್ಡಿಂಗ್ ನಿಲ್ಲಿಸಿದರು. "ಪರವಾಗಿಲ್ಲ, ಇನ್ನೊಂದು ಸಲ ಮಾಡೋಣ," ಎಂದು ಜಪಾನೀಸಿನಲ್ಲಿ ಹೇಳಿದರು. ಹೇಳುತ್ತಲೇ ಗಡಿಯಾರ ನೋಡಿದರು. ಜಪಾನಿನ ಫುನಾಬೊರಿಯ ಆ ಹಾಲ್ ಸಂಜೆಯವರೆಗೆ ಮಾತ್ರ ಅವರದು. ಆಮೇಲೆ ಪಿಂಗ್‌ಪಾಂಗ್ ಆಡುವ ಅಜ್ಜಿಯರು ಬರುತ್ತಾರೆ. ಅವರು ಯಾರ ಆಲ್ಬಮ್‌ಗೂ ಕಾಯುವವರಲ್ಲ.

ಅದು ಬ್ಯಾಂಡಿನ ಮೊದಲ ಆಲ್ಬಮ್. ಮೊರಿತಾ-ಸಾನ್ ಅವರ ಬ್ಯಾಂಜೊ, ಕಾಲೇಜು ಹುಡುಗಿ ಹಾರುಕಾಳ ಮ್ಯಾಂಡೊಲಿನ್, ಇಂಚರಾಳ ಅಪ್ಪ ಸುಮಂತನ ಗಿಟಾರ್. ನುಡಿಸುವುದು ಬ್ಲೂಗ್ರಾಸ್, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ. ಪಿಟೀಲಿನವರು ಊರು ಬಿಟ್ಟು ಹೋದಾಗ, "ನನ್ನ ಮಗಳು ವಯೊಲಿನ್ ಕಲೀತಿದಾಳೆ," ಎಂದು ಅಪ್ಪ ಜಂಬದಿಂದ ಹೇಳಿಬಿಟ್ಟಿದ್ದ. ಜಂಬ ಅಪ್ಪನದು, ಪೇಚಾಟ ಮಗಳದು.

ಹಾಲ್‌ನ ನಡುವೆ ಒಂದೇ ಒಂದು ಮೈಕ್. ಎಲ್ಲರೂ ಅದರ ಸುತ್ತ ನಿಲ್ಲಬೇಕು. ಸರದಿ ಬಂದವರು ಮುಂದೆ ಬಂದು ನುಡಿಸಿ ಹಿಂದೆ ಸರಿಯಬೇಕು. ಬ್ಲೂಗ್ರಾಸ್‌ನವರ ಹಳೆಯ ಪದ್ಧತಿ ಅದು.

ಆದರೆ ಇಂಚರಾ ಕಲಿತದ್ದು ಮೈಸೂರಿನ ವೇದವಲ್ಲಿ ಟೀಚರ್ ಹತ್ತಿರ, ವಿಡಿಯೋ ಕಾಲ್‌ನಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಇಟ್ಟು ನುಡಿಸುವುದು. ಆಗ ಎಡಗೈ ತಂತಿಯ ಮೇಲೆ ಬೇಕಾದಂತೆ ಓಡಾಡುತ್ತದೆ. ನಿಂತರೆ ಅದೇ ಕೈ ಪಿಟೀಲನ್ನೂ ಹೊರಬೇಕು. ಈ ಟ್ಯೂನ್‌ನಲ್ಲೋ, ಸೇತುವೆ ದಾಟುವ ರೈಲಿನ ಕೂಗು ಬರಬೇಕು. ಬೆರಳು ಉದ್ದಕ್ಕೆ ಜಾರಬೇಕು. ಜಾರುತ್ತಿದ್ದದ್ದು ಮಾತ್ರ ಪಿಟೀಲು.

ಮನೆಯಲ್ಲಿ ಅವಳು ಕದ್ದು ಕದ್ದು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದಳು. ಎಲ್ಲರೂ ನಿಂತಿರುವಾಗ ತಾನೊಬ್ಬಳೇ ಕೂತರೆ ಪೂಜೆಗೆ ಕೂತ ಹಾಗೆ ಕಾಣುತ್ತದೆ ಅಂತ ನಾಚಿಕೆ. ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಮೊರಿತಾ-ಸಾನ್ ಹಾರುಕಾಳ ಬಳಿ ಮೆಲ್ಲಗೆ ಏನೋ ಕೇಳಿದರು. ಅಪ್ಪನಿಗೆ ಅರ್ಥವಾಗಲಿಲ್ಲ. ಇಂಚರಾಳಿಗೆ ಆಯಿತು.

"ಏನಂತೆ?" ಎಂದ ಅಪ್ಪ.

"ನನ್ನ ಸೋಲೋ ಹಾರುಕಾ-ಸಾನ್‌ಗೆ ಕೊಡ್ತಿದಾರೆ."

"ಹೋಗ್ಲಿ ಬಿಡು ಪುಟ್ಟಾ, ನೆಕ್ಸ್ಟ್ ಆಲ್ಬಮ್‌ನಲ್ಲಿ..."

"ನೋ. ಅದು ನಂದು," ಎಂದಳು ಇಂಚರಾ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. ಅವಳು ಧೊಪ್ಪನೆ ನೆಲದ ಮೇಲೆ ಕೂತಳು. ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ಕಮಾನು ಎಳೆದಳು.

ಬೆರಳು ಜಾರಿತು. ರೈಲು ದೂರದಲ್ಲಿ ಕೂಗಿತು, ಹತ್ತಿರ ಬಂತು, ನದಿ ದಾಟಿ ಹೋಯಿತು.

ಆಮೇಲೆ ಮೊರಿತಾ-ಸಾನ್, "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ನೀವೆಲ್ಲ ನಿಂತಿದ್ರಲ್ಲ."

ಮೊರಿತಾ-ಸಾನ್ ತಲೆ ಕೆರೆದುಕೊಂಡರು. ಮೈಕನ್ನು ಇಂಚರಾಳ ಎತ್ತರಕ್ಕೆ ಇಳಿಸಿದರು. ಈಗ ನಿಂತಿರುವ ಬೇರೆಯವರ ವಾದ್ಯ ಅದಕ್ಕೆ ಕೇಳಿಸುವಂತಿರಲಿಲ್ಲ. ಮೊರಿತಾ-ಸಾನ್ ಸೀದಾ ಹಾಲ್‌ನ ಕಪಾಟು ತೆರೆದು, ಎಲ್ಲರೂ ಕೂರಲೆಂದು ನೆಲಕ್ಕೆ ಹಾಕುವ ಮೆತ್ತೆಗಳನ್ನು ಹೊರಗೆ ಎಸೆಯತೊಡಗಿದರು. ಬಂದದ್ದರಲ್ಲಿ ಒಂದು ಅಪ್ಪನ ಹೊಟ್ಟೆಗೆ ಬಡಿಯಿತು.

"ಕೂತ್ಕೊಂಡ್ರೆ ಸರದಿಗೆ ಮುಂದೆ ಬರೋದು ಹೇಗೆ?" ಎಂದ ಅಪ್ಪ.

ಹಾರುಕಾ ಮಂಡಿಯೂರಿ ಕೂತು, ಮ್ಯಾಂಡೊಲಿನ್ ಹಿಡಿದುಕೊಂಡೇ ಮೈಕಿನತ್ತ ಬಾಗಿ ತೋರಿಸಿದಳು. ಮನೆಗೆ ಬಂದ ಹಿರಿಯರಿಗೆ ಜಪಾನಿನವರು ವಂದಿಸುವುದು ಹಾಗೆಯೇ.

"ಪಿಟೀಲು ಕಾಲ ಮೇಲಿದ್ರೆ ಇಂಚರಾ-ಚಾನ್‌ಗೆ ಬಾಗೋಕಾಗಲ್ಲ," ಎಂದರು ಮೊರಿತಾ-ಸಾನ್. "ಮೈಕ್ ಅವಳ ಮುಂದೆ ಇರಲಿ. ಬಾಗುವವರು ನಾವು."

ರೆಕಾರ್ಡಿಂಗ್ ಶುರುವಾಯಿತು. ಬ್ಯಾಂಜೊ ಬಾಗಿ ಬಂದು ನುಡಿದು ಹೋಯಿತು. ಮ್ಯಾಂಡೊಲಿನ್ ಬಂದು ಹೋಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಹಿಂದಕ್ಕೆ ವಾಲಿ ಇಂಚರಾಳಿಗೆ ಜಾಗ ಬಿಟ್ಟರು. ಅವಳು ನುಡಿಸಿದಳು. ಒಂದು ಕಡೆಯೂ ತಪ್ಪಲಿಲ್ಲ. ಕೊನೆಗೆ ಯಾರೂ ಹೇಳಿಕೊಡದ ಒಂದು ಗಮಕವನ್ನೂ ಸೇರಿಸಿದಳು. ಮೊರಿತಾ-ಸಾನ್ ಬಾಯಿ ಬಿಟ್ಟು ನಕ್ಕರು. ಸದ್ದಾಗದಂತೆ ನಗಲು ಅವರು ಪಟ್ಟ ಪಾಡು ನೋಡಬೇಕಿತ್ತು.

ಮುಗಿದ ಮೇಲೆ ಅವರು ಏಳಲು ಹೋಗಿ ಅಲ್ಲೇ ಉರುಳಿದರು. ಕಾಲು ಜೋಮು ಹಿಡಿದಿತ್ತು. ಬಿದ್ದಲ್ಲಿಂದಲೇ ಕೈಚಾಚಿ ಲ್ಯಾಪ್‌ಟಾಪಿನಲ್ಲಿ ಟ್ಯೂನ್ ಹಾಕಿದರು.

ಇಂಚರಾ ಲ್ಯಾಪ್‌ಟಾಪಿನತ್ತ ಬಾಗಿ ಕೇಳಿದಳು. ತನ್ನ ಪಿಟೀಲೇ ಅದು. ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್ ಎಲ್ಲವನ್ನೂ ಎಳೆದುಕೊಂಡು ಮುಂದೆ ಹೋಗುತ್ತಿತ್ತು. ಅವಳಿಗೆ ಖುಷಿ ತಡೆಯಲಾಗಲಿಲ್ಲ. ಅಪ್ಪನ ಕಣ್ಣು ಒದ್ದೆಯಾಗಿತ್ತು.

"ಮುಂದಿನ ಟ್ಯೂನ್ ಈಸಿ, ಸೋಲೋ ಇಲ್ಲ," ಎಂದ ಅಪ್ಪ. "ಬೇಕಾದ್ರೆ ಮೊದಲಿನ ಹಾಗೆ ನೀನೂ ಎಲ್ಲರ ಜೊತೆ ನಿಂತ್ಕೋಬಹುದು."

ಇಂಚರಾ ಒಂದು ಕ್ಷಣ ಯೋಚಿಸಿದಳು.

"ಬೇಡಪ್ಪ. ನಂಗೆ ಇಲ್ಲೇ ಚೆನ್ನಾಗಿದೆ," ಎಂದು ಮೆತ್ತೆಯನ್ನು ಮೈಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, ತಂತಿ ಶ್ರುತಿ ಮಾಡತೊಡಗಿದಳು.