ಕೆಂಚಿಯ ಎದುರುಸುತ್ತು

ಬಲು ಹಿಂದಿನ ಮಾತು. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ತಿರುಗಣಿಪುರ ಅಂತ ಒಂದು ರಾಜ್ಯವಿತ್ತು. ಅದಕ್ಕೆ ವೀರಭೂಪಾಲ ಅಂತ ಒಬ್ಬ ರಾಜ. ಹೆಸರಿನಲ್ಲಿ ವೀರ ಇತ್ತು, ತಲೆಯ ಮೇಲೆ ಕಿರೀಟ ಇತ್ತು. ತಲೆಯ ಒಳಗೆ ಏನಿತ್ತು ಅನ್ನೋದನ್ನು ಮುಂದೆ ನೀವೇ ನೋಡುತ್ತೀರಿ.

ಆ ಊರಿನಲ್ಲಿ ಬೆಂಕಿ ಸುತ್ತುವ ಮನೆತನವೊಂದಿತ್ತು. ಎರಡು ಹಗ್ಗ, ಒಂದೊಂದರ ತುದಿಗೆ ಒಂದೊಂದು ಬಟ್ಟೆಯ ಗುಂಡು. ಗುಂಡನ್ನು ಹೊಂಗೆ ಎಣ್ಣೆಯಲ್ಲಿ ಅದ್ದಿ, ಹೊತ್ತಿಸಿ, ಕೈಗೊಂದು ಹಗ್ಗ ಹಿಡಿದು ಗಿರಗಿರ ಸುತ್ತಿದರೆ ಅದಕ್ಕೆ ಜೋಡಿಗುಂಡು ಅಂತ ಹೆಸರು. ಒಂದೇ ಉದ್ದನೆಯ ಹಗ್ಗಕ್ಕೆ ಎರಡೂ ತುದಿಯಲ್ಲಿ ಗುಂಡು ಕಟ್ಟಿ, ನಡುವೆ ಹಿಡಿದು ಸುತ್ತಿದರೆ ಅದು ಉಲ್ಕೆ. ಹಬ್ಬ ಬಂತೆಂದರೆ ಅರಮನೆಯ ಅಂಗಳದಲ್ಲಿ ಇವರದೇ ಆಟ. ಇವರಲ್ಲೆಲ್ಲ ಗಟ್ಟಿಗಿತ್ತಿ ಹೊನ್ನಾಯಿ. ಆ ಹೊನ್ನಾಯಿಯ ಮಗಳೇ ನಮ್ಮ ಕೆಂಚಿ. ಹದಿನಾರರ ಹುಡುಗಿ, ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ಒಂದು ದಿನ ಸುಳಿಗಣ್ಣ ಅನ್ನೋ ಮಾಂತ್ರಿಕ ಅರಮನೆಗೆ ಬಂದ. ಅವನಿಗೆ ಕಣ್ಣುಗುಡ್ಡೆ ಇರಲಿಲ್ಲ, ರೆಪ್ಪೆಯೂ ಇರಲಿಲ್ಲ. ಗುಡ್ಡೆ ಇರಬೇಕಾದ ಜಾಗದಲ್ಲಿ ಹೊಳೆಯ ಸುಳಿಯ ಹಾಗೆ ಎರಡು ಸುಳಿ ತಿರುಗುತ್ತಿದ್ದವು. ಕೈಯಲ್ಲಿ ಚಿನ್ನದ ಕದಿರು, ನೂಲು ಸುತ್ತುವ ಕದಿರು.

"ಮಹಾಪ್ರಭುಗಳೇ, ನಿಮ್ಮ ರಾಜ್ಯದಲ್ಲಿ ಏನೇ ತಿರುಗಿದರೂ ಬಲಕ್ಕೇ ತಿರುಗಲಿ, ಗುಡಿ ಸುತ್ತುವ ಹಾಗೆ. ನಿಮಗೆ ಮುಪ್ಪೇ ಬರೋದಿಲ್ಲ" ಅಂದ.

"ಅಷ್ಟೇನಾ?" ಅಂದ ರಾಜ. ಅವತ್ತೇ ಡಂಗುರ ಹೊಡೆಸಿದ.

ಬೀಸುವ ಕಲ್ಲು ಬಲಕ್ಕೆ, ಕುಂಬಾರನ ತಿಗರಿ ಬಲಕ್ಕೆ, ಮಕ್ಕಳ ಬುಗುರಿ ಬಲಕ್ಕೆ. ಮಜ್ಜಿಗೆಯ ಕಡೆಗೋಲು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ತಿರುಗಬೇಕಲ್ಲ, ಅದನ್ನು ಅಟ್ಟಕ್ಕೆ ಎಸೆದರು. ಊರಿಗೆ ಊರೇ ಬೆಣ್ಣೆಯ ಮುಖ ಕಾಣದೆ ಮುದ್ದೆ ನುಂಗಿತು. ರಾಜ ಮಾತ್ರ ಕನ್ನಡಿ ನೋಡಿಕೊಂಡು ಹಿಗ್ಗಿ ಹೀರೇಕಾಯಿಯಾದ.

ಸುಳಿಗಣ್ಣ ಕೋಟೆಯ ಬುರುಜಿನ ಮೇಲೆ ನಿಂತು ಊರನ್ನು ನೋಡುತ್ತಿದ್ದ. ಅವನ ಕಣ್ಣಿಗೆ ಬಲಸುತ್ತು ಬಿದ್ದಾಗಲೆಲ್ಲ ಕದಿರೂ ಬಲಕ್ಕೆ ತಿರುಗುತ್ತಿತ್ತು. ಅದರ ಮೇಲೆ ಸುತ್ತಿಕೊಳ್ಳುತ್ತಿದ್ದದ್ದು ಹತ್ತಿಯ ನೂಲಲ್ಲ, ಜನರ ಜೀವದ ಎಳೆ. ಎಳೆ ಮುಗಿದವರು ನಿಂತಲ್ಲೇ ಮರದ ಗೊಂಬೆಯಾದರು. ಮೊದಲು ಕುಂಬಾರ, ಆಮೇಲೆ ಗಾಣಿಗ, ಆಮೇಲೆ ಬೀಸುತ್ತ ಕೂತಿದ್ದ ಮುದುಕಿಯರು.

ಇದರ ಒಳಗುಟ್ಟು ಹೊನ್ನಾಯಿಗೆ ಹೊಳೆಯಿತು. "ಬಲಕ್ಕೆ ತಿರುಗಿದರೆ ಸುತ್ತಿಕೊಳ್ಳುತ್ತೆ ಅಂದಮೇಲೆ, ಎಡಕ್ಕೆ ತಿರುಗಿದರೆ ಬಿಚ್ಚಿಕೊಳ್ಳಲೇಬೇಕು" ಅಂದಳು. ಜೋಡಿಗುಂಡು ಹೊತ್ತಿಸಿದಳು. ಅಂಗಳದಲ್ಲಿ ಸುಳಿಗಣ್ಣನ ಎದುರಿಗೇ ನಿಂತು, ರಾಜಾಜ್ಞೆಯನ್ನು ಕಾಲಕಸ ಮಾಡಿ ಎಡಕ್ಕೆ ಸುತ್ತಿದಳು.

ಅಯ್ಯೋ, ಆಗಿದ್ದೇ ಬೇರೆ. ಕದಿರು ಬಿಚ್ಚಿಕೊಳ್ಳಲಿಲ್ಲ, ಮೊದಲಿಗಿಂತ ಜೋರಾಗಿ ಬಲಕ್ಕೇ ಸುತ್ತಿತು. ಕಣ್ಣು ಮಿಟುಕಿಸುವುದರಲ್ಲಿ ಹೊನ್ನಾಯಿ ಎರಡೂ ಕೈ ಎತ್ತಿದ ಮರದ ಗೊಂಬೆಯಾಗಿ ನಿಂತಳು. ಯಾಕೆ ಹೀಗಾಯಿತು ಅಂತ ಯಾರಿಗೂ ತಿಳಿಯಲಿಲ್ಲ.

ಸುಳಿಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬರೋ ಅಮಾವಾಸ್ಯೆಗೆ ಈ ಗೊಂಬೆಗಳನ್ನೆಲ್ಲ ಒಲೆಗೆ ಹಾಕ್ತೀನಿ. ಇವು ಉರಿದು ಬೂದಿಯಾದರೆ ಇವರ ಆಯಸ್ಸೆಲ್ಲ ನಂದೇ!"

ಜನ ತಲೆ ತಗ್ಗಿಸಿದರು. ಕೆಂಚಿ ತಗ್ಗಿಸಲಿಲ್ಲ. "ನಮ್ಮವ್ವನ್ನ ಒಲೆಗೆ ಹಾಕೋಕೆ ನೀನ್ಯಾವನೋ? ಅಮಾವಾಸ್ಯೆಗೆ ನಾನೂ ಬರ್ತೀನಿ, ನೋಡ್ಕೋ!" ಅಂತ ಕೂಗಿದಳು. ಕಾವಲುಗಾರರು ಅವಳನ್ನು ಊರಬಾಗಿಲ ಆಚೆಗೆ ದಬ್ಬಿದರು.

ಅವಳು ನೆಟ್ಟಗೆ ಗವಿಬೆಟ್ಟ ಹತ್ತಿದಳು. ಅಲ್ಲಿ ಮಾತಾಡುವ ಮುಸುವನೊಬ್ಬನಿದ್ದ. ಕಪ್ಪು ಮುಖ, ಬಿಳಿ ಗಡ್ಡ, ಮಾರುದ್ದದ ಬಾಲ. ಕೆಂಚಿಯ ಮನೆತನಕ್ಕೆಲ್ಲ ಬೆಂಕಿಸುತ್ತು ಕಲಿಸಿದವನು ಅವನೇ, ಹೊನ್ನಾಯಿಗೂ ಅವನೇ ಗುರು. ಎಲ್ಲರೂ ಮುಸುವಜ್ಜ ಅನ್ನುತ್ತಿದ್ದರು.

"ಅಜ್ಜಾ, ಸಾಮಾನ್ಯದ ಸುತ್ತೆಲ್ಲ ನನಗೆ ಬರುತ್ತೆ. ಕಷ್ಟದ್ದು ಕಲಿಸು. ಅಮಾವಾಸ್ಯೆಯೊಳಗೆ ಕಲಿಸು."

"ನಿಮ್ಮವ್ವನಿಗೆ ಎಲ್ಲಾ ಕಲಿಸಿದ್ದೆ, ಏನಾಯ್ತು? ಸರಿ, ಹಟ ಹಿಡಿದು ಬಂದಿದ್ದೀಯ. ಬಾ, ನನ್ನ ಬೆನ್ನ ಹಿಂದೆ ನಿಂತ್ಕೋ. ಶಿಷ್ಯರು ಗುರುವಿನ ಬೆನ್ನು ನೋಡಿ ಕಲಿಯೋದು ನಮ್ಮ ಪದ್ಧತಿ."

"ಬೆನ್ನು ನೋಡಿ ಏನು ಕಲೀಲಿ? ನಿನ್ನ ಕೈ ಕಾಣಬೇಡವಾ? ನಾನು ಎದುರಿಗೇ ನಿಲ್ಲೋದು."

"ಮುತ್ತಾತನ ಕಾಲದಿಂದ ಬಂದ ಪದ್ಧತಿ ಕಣೇ!"

"ಮುತ್ತಾತನ್ನ ಒಲೆಗೆ ಹಾಕ್ತಿಲ್ವಲ್ಲ, ಅವ್ವನ್ನ ಹಾಕ್ತಿರೋದು."

ಮುಸುವಜ್ಜ ಹಲ್ಲು ಕಿರಿದ, ಬಾಲ ಬಡಿದ, ಕೊನೆಗೆ ಅವಳಿಗೆ ಎದುರಾಗಿ ನಿಂತ. ಇವಳ ಬಾಯಿಗೆ ಯಾರು ಹೋಗಬೇಕು!

ಮೊದಲನೆಯ ಪರೀಕ್ಷೆ ಜಡೆಸುತ್ತು. ಎರಡು ಗುಂಡೂ ಎಡಮಗ್ಗುಲು ಬಲಮಗ್ಗುಲು ಒಂದರ ಮೇಲೊಂದು ಹಾಯುತ್ತ, ಜಡೆ ಹೆಣೆದ ಹಾಗೆ ಮೈಸುತ್ತ ಬೆಂಕಿಯನ್ನು ಹೆಣೆಯಬೇಕು. ಮರದ ಮೇಲಿಂದ ಮುಸುವನ ಬಳಗವೆಲ್ಲ ಬೇಲದ ಕಾಯಿ ಎಸೆಯುತ್ತದೆ. ಒಂದೂ ಮೈಗೆ ತಾಗಬಾರದು. ಮೊದಲ ದಿನ ಕೆಂಚಿಯ ಹಣೆ ಬೋರೆಹಣ್ಣಿನ ಹಾಗೆ ಊದಿತು. "ಎಸೀರಿ, ಇನ್ನೂ ಎಸೀರಿ!" ಅಂತ ಅವಳೇ ಕೂಗಿದಳು. ಕೆಲವು ದಿನ ಕಳೆಯುವಷ್ಟರಲ್ಲಿ ಕಾಯಿಗಳೆಲ್ಲ ಬೆಂಕಿಯ ಹೆಣಿಗೆಗೆ ತಾಗಿ ಚಟಚಟ ಸಿಡಿದು ಎಸೆದವರ ಕಡೆಗೇ ಹಾರಿದವು. ಮುಸುವಗಳು ಕಿರುಚಿಕೊಂಡು ಓಡಿದವು.

ಎರಡನೆಯ ಪರೀಕ್ಷೆ ಉಲ್ಕೆಯದು. ಬೆಟ್ಟದ ಹಿಂದೆ ಒಂದು ಕಲ್ಲುಹಂದಿ ಇತ್ತು. ಉಲ್ಕೆ ತಿರುಗುತ್ತಿರುವ ತನಕ ಅದು ಬರೀ ಬಂಡೆ. ಉಲ್ಕೆ ನಿಂತರೆ ಜೀವ ಬಂದು ನುಗ್ಗುತ್ತದೆ. ಕೆಂಚಿ ಸುತ್ತುತ್ತ ಸುತ್ತುತ್ತ ಹೋದಳು. ಹಂದಿಯ ಎದುರಿಗೆ ಬಂದಾಗಲೇ ಹಗ್ಗ ಕುತ್ತಿಗೆಗೆ ಸುತ್ತಿಕೊಂಡಿತು. ಗಾಬರಿಯಲ್ಲಿ ಅವಳು ಎಳೆದಳು. ಎಳೆದಷ್ಟೂ ಅದು ಬಿಗಿಯಿತು. ಹಂದಿಯ ಕಣ್ಣು ತೆರೆಯಿತು.

"ಎಳೀಬೇಡ್ವೇ! ಬಿಡು, ಅದರ ಪಾಡಿಗೆ ಬಿಡು!" ಅಂತ ಮುಸುವಜ್ಜ ಕಿರುಚಿದ.

ಕೆಂಚಿ ಕೈ ಸಡಿಲಿಸಿದಳು. ಗುಂಡು ಕುತ್ತಿಗೆಯನ್ನು ಪೂರ್ತಿ ಬಳಸಿತು, ಎದೆಗೆ ಬಡಿಯಿತು, ಬಡಿದದ್ದೇ ತಿರುಗಿ ಬಿಚ್ಚಿಕೊಂಡು ಹೊರಟಿತು. ಹೋಗುವಾಗ ಬಲಕ್ಕೆ ಹೋಗಿದ್ದು ಬರುವಾಗ ಎಡಕ್ಕೆ ಬಂತು. ಹಂದಿ ಮತ್ತೆ ಬಂಡೆಯಾಯಿತು. ಕೆಂಚಿಯ ಕೈ ನಿಲ್ಲಲಿಲ್ಲ.

ಮೂರನೆಯದು ಎದುರುಸುತ್ತು. ಒಂದು ಕೈ ಮೈಯ ಮುಂದೆ, ಒಂದು ಕೈ ಬೆನ್ನ ಹಿಂದೆ. ಮುಂದಿನದು ಬಲಕ್ಕೆ, ಹಿಂದಿನದು ಎಡಕ್ಕೆ, ಎರಡೂ ಒಟ್ಟಿಗೆ. ಇಲ್ಲಿ ಕೆಂಚಿ ಸೋತಳು. ಒಂದು ಕೈ ಹೋದ ಕಡೆಗೇ ಇನ್ನೊಂದು ಕೈಯೂ ಓಡುತ್ತಿತ್ತು.

"ಒಂದು ಕೈಗೆ ಬಯ್ಯಿ, ಇನ್ನೊಂದನ್ನ ಮುದ್ದು ಮಾಡು" ಅಂದ ಮುಸುವಜ್ಜ. ಅವಳು ಬೈದಳು, ಮುದ್ದೂ ಮಾಡಿದಳು. ಎರಡು ಕೈಗೂ ಮಾನವಿಲ್ಲ, ಮರ್ಯಾದೆಯಿಲ್ಲ.

"ಮೊದಲು ಮುಂದಿನ ಕೈಯನ್ನಾದರೂ ಸರಿಮಾಡ್ಕೋ. ಬಲಕ್ಕೆ ಅಂದ್ರೆ ಎಡಕ್ಕೆ ಸುತ್ತುತ್ತೀಯಲ್ಲೇ, ಕತ್ತೆ!"

"ನಾನು ಬಲಕ್ಕೇ ಸುತ್ತುತ್ತಿದ್ದೀನಿ. ನೀನೇ ಎಡಕ್ಕೆ ಸುತ್ತುತ್ತಿರೋದು!"

"ನಾನು ಬಲಕ್ಕೆ!"

"ಎಡಕ್ಕೆ!"

ಕೆಂಚಿ ದುಡುದುಡು ಹೋಗಿ ಅವನ ಪಕ್ಕ ನಿಂತು ನೋಡಿದಳು. ಬಲಕ್ಕೆ. ಎದುರಿಗೆ ಹೋಗಿ ನೋಡಿದಳು. ಎಡಕ್ಕೆ. ಬೆನ್ನ ಹಿಂದೆ ಹೋದಳು, ಬಲಕ್ಕೆ. ಎದುರಿಗೆ ಬಂದಳು, ಎಡಕ್ಕೆ. ಅವಳ ಮುಖ ಕೆಂಪಾಯಿತು.

"ಅಜ್ಜಾ, ಅವ್ವ ಎಡಕ್ಕೆ ಸುತ್ತಿದಳು. ಆ ಸುಳಿಗಣ್ಣ ಎದುರಿಗೆ ನಿಂತಿದ್ದ. ಅವನ ಕಣ್ಣಿಗೆ ಅದು ಬಲಸುತ್ತಾಗಿ ಕಂಡಿತು!"

ಮುಸುವಜ್ಜ ಧೊಪ್ಪನೆ ಕೂತ. "ಹೌದಲ್ಲೇ..."

"ಇಷ್ಟು ತಲೆಮಾರು ಬರೀ ಬೆನ್ನು ನೋಡಿಸಿದ್ಯಲ್ಲ! ಒಬ್ಬರನ್ನಾದರೂ ಎದುರಿಗೆ ನಿಲ್ಲಿಸಿದ್ದರೆ ಅವ್ವ ಗೊಂಬೆ ಆಗ್ತಿರಲಿಲ್ಲ!"

ಅವಳು ಅತ್ತಳು, ಬೈದಳು, ಮತ್ತೆ ಅತ್ತಳು. ಆಮೇಲೆ ಮುದುಕ ಮೆಲ್ಲಗೆ ಅಂದ: "ನಾಳೆ ಅಮಾವಾಸ್ಯೆ. ನಿನಗೆ ಮೂರನೆಯದು ಬಂದಿಲ್ಲ. ಹೋಗಬೇಡ ಮಗಾ."

"ಬಂದಿಲ್ಲ ಅಂತ ಮನೇಲಿ ಕೂರಲಾ? ಬಂದಷ್ಟನ್ನೇ ಹಿಡ್ಕೊಂಡು ಹೋಗ್ತೀನಿ" ಅಂದವಳೇ ಹಗ್ಗ ಹೆಗಲಿಗೆ ಹಾಕಿಕೊಂಡು ಇಳಿದಳು.

ಅಮಾವಾಸ್ಯೆಯ ಸಂಜೆ. ಅಂಗಳದಲ್ಲಿ ಮನೆಯಷ್ಟು ದೊಡ್ಡ ಒಲೆ ಉರಿಯುತ್ತಿತ್ತು. ಒಲೆಯ ಬಾಯಿಗೆ ಹತ್ತಿರ ಗೊಂಬೆಗಳ ಸಾಲು, ಎಲ್ಲರಿಗಿಂತ ಮುಂದೆ ಹೊನ್ನಾಯಿ. ಆ ಕಡೆ ಕದಿರು ಹಿಡಿದ ಸುಳಿಗಣ್ಣ, ಈ ಕಡೆ ಸಿಂಹಾಸನದಲ್ಲಿ ರಾಜ. ಕೆಂಚಿ ಜನರನ್ನು ಸರಿಸಿಕೊಂಡು ಬಂದು, ರಾಜನಿಗೆ ಬೆನ್ನು ಹಾಕಿ, ಮಾಂತ್ರಿಕನಿಗೆ ಎದುರಾಗಿ ನಿಂತಳು. ಆ ಒಲೆಯ ಬೆಂಕಿಯಿಂದಲೇ ತನ್ನ ಗುಂಡುಗಳನ್ನು ಹೊತ್ತಿಸಿಕೊಂಡಳು.

"ಏ ಹುಡುಗಿ, ಎಡಕ್ಕೆ ಸುತ್ತಿದರೆ ತಲೆ ಹೋಗುತ್ತೆ!" ಅಂದ ಕಾವಲುಗಾರ.

"ಬಲಕ್ಕೇ ಸುತ್ತೋದು. ಬೇಕಾದರೆ ಮಹಾರಾಜರನ್ನೇ ಕೇಳು."

ಅವಳು ಬಲಕ್ಕೆ ಸುತ್ತಿದಳು. ಹಿಂದೆ ಕೂತ ರಾಜ ನೋಡಿ "ಹೌದು, ಬಲಕ್ಕೇ ಇದೆ, ಬಿಡಿ, ಬಿಡಿ" ಅಂದ. ಎದುರಿಗಿದ್ದ ಸುಳಿಗಣ್ಣನಿಗೆ ಅದೇ ಸುತ್ತು ಎಡಕ್ಕೆ ಕಂಡಿತು. ಕದಿರು ಗಕ್ಕನೆ ನಿಂತಿತು, ಎಡಕ್ಕೆ ಹೊರಳಿತು, ಎಳೆ ಬಿಚ್ಚತೊಡಗಿತು. ಕುಂಬಾರ ಕೆಮ್ಮಿದ. ಗಾಣಿಗನ ಬೆರಳು ಅಲ್ಲಾಡಿತು.

ಕಣ್ಣು ಮುಚ್ಚೋಣವೆಂದರೆ ಸುಳಿಗಣ್ಣನಿಗೆ ರೆಪ್ಪೆಯೇ ಇಲ್ಲವಲ್ಲ! ಅವನು ಮೈಯನ್ನು ಎರಡಾಗಿ ಸೀಳಿಕೊಂಡ. ಒಬ್ಬ ಸುಳಿಗಣ್ಣ ಮುಂದೆಯೇ ಉಳಿದ, ಇನ್ನೊಬ್ಬ ಅವಳ ಬೆನ್ನ ಹಿಂದೆ ನೆಗೆದ. ಹಿಂದಿನವನಿಗೆ ಸುತ್ತು ಬಲಕ್ಕೆ ಕಂಡಿತು. ಕದಿರು ಅತ್ತಲೂ ಹೋಗಲಾರದೆ ಇತ್ತಲೂ ಬರಲಾರದೆ ಗಡಗಡ ನಡುಗಿತು. ಕೆಮ್ಮಿದ ಕುಂಬಾರ ಮತ್ತೆ ಮರವಾದ.

"ಮುಗೀತೇನೇ ನಿನ್ನ ಆಟ?" ಅಂತ ಇಬ್ಬರೂ ಒಟ್ಟಿಗೆ ನಕ್ಕರು. ಹೊನ್ನಾಯಿಯನ್ನು ಒಲೆಗೆ ದೂಡಲು ಭಟರು ಕೈ ಹಾಕಿದರು.

ಕೆಂಚಿ ಒಂದು ಕೈಯನ್ನು ಬೆನ್ನ ಹಿಂದೆ ಕಳಿಸಿದಳು. ಹಾಳಾದ ಕೈ, ಅದೂ ಬಲಕ್ಕೇ ಓಡಿತು. ಬೈದಳು, ಕೇಳಲಿಲ್ಲ. ಮುದ್ದು ಮಾಡುವಷ್ಟು ಹೊತ್ತಿರಲಿಲ್ಲ. ಆಗ ಅವಳು ಮೊಣಕೈಯನ್ನು ಆ ಉರಿಯುವ ಹಗ್ಗದ ದಾರಿಗೆ ಅಡ್ಡ ಕೊಟ್ಟಳು. ಹಗ್ಗ ತೋಳಿಗೆ ಬಿಗಿಯಾಗಿ ಸುತ್ತಿಕೊಂಡಿತು. ಬೆಂಕಿ ಚುರ್ ಅಂತ ಚರ್ಮ ಸುಟ್ಟಿತು. ಅವಳು ಎಳೆಯಲಿಲ್ಲ. ಹಲ್ಲು ಕಚ್ಚಿ ಅದರ ಪಾಡಿಗೆ ಬಿಟ್ಟಳು. ಗುಂಡು ಬಡಿದು, ತಿರುಗಿ, ಬಿಚ್ಚಿಕೊಂಡು ಹೊರಟಿತು. ಈಗ ಎಡಕ್ಕೆ!

"ಎಡ! ಎಡ! ಹಿಡೀರಿ ಅವಳನ್ನ!" ರಾಜ ಸಿಂಹಾಸನದ ಮೇಲೇ ಎದ್ದು ನಿಂತ.

"ಹೌದು ಕಣಯ್ಯಾ, ಎಡಕ್ಕೇ! ಕಣ್ತುಂಬಾ ನೋಡು!" ಅಂದಳು ಕೆಂಚಿ.

ಹಿಡಿಯಲು ಯಾರಿಗೂ ಆಗಲಿಲ್ಲ, ಎರಡು ಬೆಂಕಿಯ ಚಕ್ರದ ನಡುವೆ ನಿಂತವಳನ್ನು ಮುಟ್ಟುವುದು ಹೇಗೆ? ಮುಂದಿನವನಿಗೂ ಎಡ, ಹಿಂದಿನವನಿಗೂ ಎಡ. ಕದಿರು ಭೋರೆಂದು ಬಿಚ್ಚಿಕೊಂಡಿತು. ಎಳೆಗಳು ಮಿಡತೆಯ ದಂಡಿನಂತೆ ಹಾರಿ ಅವರವರ ಎದೆ ಸೇರಿದವು. ಕೊನೆಗೆ ಬಿಚ್ಚಿಕೊಂಡದ್ದು ಸುಳಿಗಣ್ಣನ ಸ್ವಂತ ಎಳೆ. ಇಬ್ಬರೂ ಎಡಕ್ಕೆ ಗರಗರ ತಿರುಗಿ, ಸಣ್ಣಗಾಗಿ, ಇನ್ನೂ ಸಣ್ಣಗಾಗಿ, ಹೊಗೆಯೂ ಉಳಿಯದಂತೆ ಹೋದರು.

ಹೊನ್ನಾಯಿ ಎತ್ತಿದ ಕೈ ಇಳಿಸಿದಳು. ಮಗಳನ್ನು ನೋಡಿದಳು, ಮಗಳ ತೋಳನ್ನು ನೋಡಿದಳು. "ಕೈ ಸುಟ್ಟುಕೊಂಡಿದ್ದೀಯಲ್ಲೇ, ನನ್ನವ್ವಾ..." ಅಂದಳು. ಕೆಂಚಿ ಅವಳನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು.

ರಾಜನಿಗೆ ಒಂದೇ ಗಳಿಗೆಯಲ್ಲಿ ಗಡ್ಡವೆಲ್ಲ ನರೆಯಿತು. ಅವನು ಗಂಟಲು ಸರಿಮಾಡಿಕೊಂಡು, "ಎಲೈ ಡಂಗುರದವನೇ, ಸಾರು! ನಾಳೆಯಿಂದ ಎಲ್ಲರೂ ಎಡಕ್ಕೇ ತಿರುಗತಕ್ಕದ್ದು!" ಅಂದ.

ಕೆಂಚಿ ಕಣ್ಣು ಒರೆಸಿಕೊಂಡು ಎದ್ದಳು. ಡಂಗುರದವನ ಕೈಯಿಂದ ಕೋಲು ಕಿತ್ತುಕೊಂಡು ಉರಿಯುತ್ತಿದ್ದ ಒಲೆಗೆ ಎಸೆದಳು.

"ಇನ್ನು ಸಾಕು, ಮಹಾರಾಜರೇ. ಎತ್ತ ತಿರುಗಬೇಕು ಅಂತ ನಾವೇ ನೋಡ್ಕೋತೀವಿ" ಅಂದಳು.

ರಾಜ ಬಾಯಿ ತೆರೆದ. ಜನರ ಮುಖ ನೋಡಿದ. ಬಾಯಿ ಮುಚ್ಚಿದ. ಅವನು ಆಳಿದಷ್ಟು ಕಾಲದಲ್ಲಿ ಮಾಡಿದ ಜಾಣತನದ ಕೆಲಸ ಅದೊಂದೇ. ಅವತ್ತಿನಿಂದ ತಿರುಗಣಿಪುರದವರು ಬೇಕೆಂದಾಗ ಬಲಕ್ಕೆ, ಬೇಕೆಂದಾಗ ಎಡಕ್ಕೆ ತಿರುಗಿಕೊಂಡು, ಉಂಡು ಉಟ್ಟು, ಯಾರ ಹಂಗೂ ಇಲ್ಲದೆ ಹಾಯಾಗಿ ಬಾಳಿದರು.